ದೂರದ ಕುಸ್ಕೋ, ಹತ್ತಿರದ ಕುರುವತ್ತಿ

ವಾಚಕ ಮಹಾಶಯರಲ್ಲಿ ಮೊದಲಿಗೆ ಒಂದು ತಪ್ಪೊಪ್ಪಿಗೆ. ತಿಂಗಳು ತಿಂಗಳೂ ಈ ಪುಟದಲ್ಲಿ ದೇಶಸಂಚಾರದ ಪ್ರಯೋಜನಗಳನ್ನು ಕುರಿತು ಬರೆಯುತ್ತ ಬಂದಿರುವ ನಾನು, ನನಗೆ ಅರುವತ್ತೆಂಟು ವರ್ಷ ತುಂಬುವವರೆಗೂ ನಾನು ಹುಟ್ಟಿದ ಹಳ್ಳಿಯನ್ನು ಕಣ್ಣಾರೆ ನೋಡಿರಲಿಲ್ಲ. ಕಾಶಿಯನ್ನು ನೋಡಿದ್ದೇನೆ, ರಾಮೇಶ್ವರವನ್ನು ನೋಡಿದ್ದೇನೆ; ಆದರೆ ಹಡಗಲಿ ತಾಲ್ಲೂಕಿನಲ್ಲಿ, ಕುರುವತ್ತಿಗೆ ಸಮೀಪದಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಆ ಹಳ್ಳಿಗೆ ಹೋಗಿರಲಿಲ್ಲ. ನಾನು ವಾಸವಾಗಿರುವ ಹಗರಿಬೊಮ್ಮನಹಳ್ಳಿಯಿಂದ ಅದು ಮೋಟಾರಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ನಾನು ಒಂದು ವರ್ಷದ ಕೂಸಾಗಿದ್ದಾಗ ನಮ್ಮ ತಂದೆಯವರು ಉಪಾಧ್ಯಾಯವೃತ್ತಿಯ ನಿಮಿತ್ತ ಆ ಊರನ್ನು ಬಿಟ್ಟರು. ಆಮೇಲೆ ಅಲ್ಲಿ ನಮಗೆ ಮನೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಹೋಗುವುದಕ್ಕೆ ಕಾರಣ ಹುಟ್ಟಲಿಲ್ಲವೆಂದು ನಾನೇ ನನಗೆ ಸಮಾಧಾನ ಹೇಳಿಕೊಂಡಿದ್ದೆನು.

ಆ ಸಮಾಧಾನವನ್ನು ಕೆಡಿಸಿದವಳು ನಮ್ಮ ಅಕ್ಕ. ಆಕೆಗೆ ಈಗ ಎಪ್ಪತ್ತಾರು ವರ್ಷ. ಕೊಟ್ಟೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಆಕೆಯ ಮೊಮ್ಮಗನು ಇಂಜಿನಿಯರ್. ಕೆಲಸದ ಮೇಲೆ ಅವನನ್ನು ದಕ್ಷಿಣ ಅಮೆರಿಕಾ ಖಂಡದ ಪೆರು ದೇಶಕ್ಕೆ, ಅದರ ರಾಜಧಾನಿಯಾದ ಲಿಮಾ ನಗರಕ್ಕೆ ಕಳುಹಿಸಿದ್ದಾರೆ. ರಜೆ ಸಿಕ್ಕಾಗಲೆಲ್ಲ ಅವನು ತಿರುಗಾಟಕ್ಕೆ ಹೊರಡುತ್ತಾನೆ. ಭಾನುವಾರ ಬಂತೆಂದರೆ ಮೊಬೈಲಿನಲ್ಲಿ ಅಜ್ಜಿಗೆ ತಾನಿದ್ದ ಸ್ಥಳವನ್ನು ತೋರಿಸುತ್ತಾನೆ. ನಮಗೆ ರಾತ್ರಿ ಏಳೂವರೆಯಾದಾಗ ಅಲ್ಲಿ ಬೆಳಿಗ್ಗೆ ಒಂಬತ್ತು. ನಾವು ದೇವರ ಮುಂದೆ ದೀಪ ಹಚ್ಚಿ ಕುಳಿತಿರುವಾಗ ಅವನ ಬೆನ್ನ ಹಿಂದೆ ಎಳೆಬಿಸಿಲು ಬಿದ್ದಿರುವುದನ್ನು ಕಂಡು ಅಕ್ಕನಿಗೆ ಪ್ರತಿ ವಾರವೂ ಹೊಸದಾಗಿ ಆಶ್ಚರ್ಯವಾಗುತ್ತದೆ.

ಒಂದು ಭಾನುವಾರ ಅವನು ಕುಸ್ಕೋ ನಗರವನ್ನು ತೋರಿಸಿದನು. ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿರುವ ಆ ಊರು ಹಿಂದೆ ಇಂಕಾ ಅರಸರ ರಾಜಧಾನಿ. 1533ರಲ್ಲಿ ಸ್ಪೇನ್ ದೇಶದ ಪಿಸಾರೋ ಎಂಬವನ ದಂಡು ಅದನ್ನು ಹಿಡಿಯಿತು. ಗೆದ್ದವರು ಇಂಕಾಗಳ ಸೂರ್ಯದೇವಾಲಯದ ಗೋಡೆಗಳನ್ನೇ ಅಡಿಪಾಯವಾಗಿ ಮಾಡಿಕೊಂಡು, ಅವುಗಳ ಮೇಲೆ ಸಾಂತೋ ದೊಮಿಂಗೋ ಎಂಬ ತಮ್ಮ ಮಠವನ್ನೂ ಚರ್ಚನ್ನೂ ಎಬ್ಬಿಸಿದರು. 1950ರಲ್ಲಿ ಭೂಕಂಪವಾದಾಗ ಮೇಲಿನ ಕಟ್ಟಡವು ಬಹುವಾಗಿ ಜಖಂಗೊಂಡಿತು. ಕೆಳಗಿನ ಇಂಕಾ ಗೋಡೆಗಳಾದರೋ, ಗಾರೆಯ ಸೋಂಕೂ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದವು, ಕದಲದೆ ನಿಂತು ಮತ್ತೆ ಲೋಕದ ಕಣ್ಣಿಗೆ ಬಿದ್ದವು. ಆ ಊರಿನ ಒಂದು ಓಣಿಯಲ್ಲಿ ಹನ್ನೆರಡು ಮೂಲೆಗಳುಳ್ಳ ಒಂದೇ ಕಲ್ಲು ಗೋಡೆಯಲ್ಲಿ ಕುಳಿತಿದೆ. 2025ರ ಫೆಬ್ರವರಿಯಲ್ಲಿ ಒಬ್ಬನು ಸುತ್ತಿಗೆಯಿಂದ ಹೊಡೆದು ಅದರ ಚೂರೆಬ್ಬಿಸಿದಾಗ ಊರಿಗೆ ಊರೇ ಮರುಗಿತೆಂದು ಹುಡುಗನು ಹೇಳಿದನು.

ಇನ್ನೊಂದು ವಾರ ನೆರೆಯ ಬೊಲಿವಿಯಾ ದೇಶದ ಉಯೂನಿ ಎಂಬಲ್ಲಿನ ಉಪ್ಪಿನ ಬಯಲು. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರದಲ್ಲಿ ಗಿಡವಿಲ್ಲ, ಗುಡಿಸಲಿಲ್ಲ. ಎಲ್ಲವೂ ಬೆಳ್ಳಗೆ ಉಪ್ಪು. ಮಳೆಗಾಲದಲ್ಲಿ ತೆಳ್ಳಗೆ ನೀರು ನಿಂತಾಗ ಆಕಾಶವು ನೆಲದಲ್ಲಿ ಕಾಣಿಸುವುದಂತೆ. ಮತ್ತೊಂದು ವಾರ ಮೆಕ್ಸಿಕೋ ನಗರ. 1521ರಲ್ಲಿ ಸ್ಪೇನಿನವರು ಅಲ್ಲಿನ ಹಳೆಯ ಪಟ್ಟಣವನ್ನು ಕೆಡವಿ ಅದರ ಮೇಲೆ ಹೊಸದನ್ನು ಕಟ್ಟಿದರು. 1978ರಲ್ಲಿ ವಿದ್ಯುಚ್ಛಕ್ತಿಯ ಕೂಲಿಗಳು ನೆಲ ಅಗೆಯುತ್ತಿರುವಾಗ ದೇವತೆಯೊಬ್ಬಳ ದೊಡ್ಡ ಕಲ್ಲಿನ ಮೂರ್ತಿ ಗುದ್ದಲಿಗೆ ತಗುಲಿತು. ಅಗೆದಂತೆಲ್ಲ ಪಟ್ಟಣದ ನಟ್ಟನಡುವೆ ಹಳೆಯ ಮಹಾದೇವಾಲಯವೇ ಎದ್ದುಬಂದಿತು.

ಇವೆಲ್ಲಕ್ಕಿಂತ ಅಕ್ಕನ ಮನಸ್ಸನ್ನು ಹಿಡಿದದ್ದು ಕುಸ್ಕೋ ಊರಿನ ಸಂತೆ. ಅಲ್ಲಿ ಹೆಂಗಸೊಬ್ಬಳು ನೆಲದ ಮೇಲೆ ರಾಶಿ ಹಾಕಿಕೊಂಡು ಕುಳಿತಿದ್ದಳು. ಅಕ್ಕ ಮೊಬೈಲನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದು, “ಇದು ನಮ್ಮ ಶೇಂಗಾ ಅಲ್ಲೇನಪಾ? ಅಲ್ಲೀತನಕ ಹ್ಯಾಂಗ ಹೋತು?” ಎಂದಳು. ನಾನು ನಕ್ಕು, “ಇಲ್ಲಿಂದ ಅಲ್ಲಿಗೆ ಹೋದದ್ದಲ್ಲ ಅಕ್ಕಾ, ಅಲ್ಲಿಂದ ಇಲ್ಲಿಗೆ ಬಂದದ್ದು” ಎಂದೆನು. ಶೇಂಗಾದ ತವರು ದಕ್ಷಿಣ ಅಮೆರಿಕಾ. ಹರಪನಹಳ್ಳಿಯ ಕಡೆ ಹೊಲ ತುಂಬ ನಿಲ್ಲುವ ಮೆಕ್ಕೆಜೋಳದ ತವರು ಮೆಕ್ಸಿಕೋ. ಮೆಣಸಿನಕಾಯಿಯೂ ಅದೇ ಖಂಡದ್ದು. ಸ್ಪೇನ್ ಮತ್ತು ಪೋರ್ತುಗಲ್ ದೇಶಗಳ ಹಡಗುಗಳು ಅವನ್ನು ಲೋಕದಲ್ಲೆಲ್ಲ ಹರಡಿದವು. ಕೂಡ್ಲಿಗಿಯ ಕೆಂಪು ಮಣ್ಣು ಶೇಂಗಾವನ್ನು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೆಂಬಂತೆ ಸಾಕಿಕೊಂಡಿದೆ, ಅಷ್ಟೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

“ತಮ್ಮಾ, ಶೇಂಗಾಕಾಳು ಸಮುದ್ರ ದಾಟಿ ಬಂದೈತಿ. ನಾನು ಕುರುವತ್ತಿಗೆ ಹೋಗಲಿಲ್ಲ ನೋಡು.”

ಅದರ ಹಿಂದೆ ಇನ್ನೊಂದು ಸಂಗತಿ ಇತ್ತು. ಅಕ್ಕನ ಕಣ್ಣಿಗೆ ಗ್ಲಾಕೋಮ ಎಂಬ ರೋಗ. ಇದು ಪೊರೆಯಂತಲ್ಲ, ಪೊರೆಯನ್ನು ತೆಗೆದರೆ ಬೆಳಕು ಮರಳುತ್ತದೆ. ಇದರಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವು ಸೊರಗುತ್ತ, ಅಂಚಿನಿಂದ ನೋಟವು ಕಿರಿದಾಗುತ್ತ ಬರುತ್ತದೆ. ಹೋದದ್ದು ಮತ್ತೆ ಬಾರದು. ದಿನವೂ ಔಷಧದ ತೊಟ್ಟು ಬಿಟ್ಟು ಇದ್ದದ್ದನ್ನು ಉಳಿಸಿಕೊಳ್ಳಬೇಕು. ಆಕೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದುದನ್ನು ನಾವೆಲ್ಲರೂ ಮುಪ್ಪಿನ ಮರವೆ ಎಂದುಕೊಂಡು ಎರಡು ವರ್ಷ ಕಳೆದಿದ್ದೆವು. ಮನೆಯಲ್ಲಿ ವೃದ್ಧರಿರುವ ವಾಚಕರು ಈ ಮಾತನ್ನು ಗಮನಿಸಬೇಕೆಂದು ಪ್ರಾರ್ಥನೆ. ವೈದ್ಯರು ಅಕ್ಕನಿಗೆ, ನೋಡಬೇಕಾದದ್ದೇನಾದರೂ ಇದ್ದರೆ ತಡಮಾಡಬೇಡಿರೆಂದು ಹೇಳಿದ್ದರಂತೆ. ಆಕೆ ಅದನ್ನು ನಮಗೆ ಹೇಳಿರಲಿಲ್ಲ.

ಹೀಗೆ ಮಾರ್ಗಶಿರ ಮಾಸದ ಒಂದು ಬೆಳಿಗ್ಗೆ ನಾನು ರೈಲಿನಲ್ಲಿ ಕೊಟ್ಟೂರಿಗೆ ಬಂದು ಇಳಿದೆನು. ಬಾಡಿಗೆಯ ಮೋಟಾರು, ನಾಲ್ಕು ದಿನದ ಪ್ರಯಾಣ. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ತಂಬಿಗೆ ಮೊಸರು. ಅಕ್ಕ ಗುರು ಕೊಟ್ಟೂರೇಶ್ವರನ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕಾಯಿ ಒಡೆಸಿದಳು. ಮಾಘದ ತೇರಿಗೆ ದಾವಣಗೆರೆಯ ಕಡೆಯಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಈ ಗುಡಿಗೆ ಬರುವರು. ಅಕ್ಕ ಐವತ್ತು ವರ್ಷಗಳಿಂದ ಅವರಿಗೆ ನೀರು, ಅಂಬಲಿ ಕೊಟ್ಟವಳು. ತಾನಾಗಿ ಎಲ್ಲಿಗೂ ನಡೆದುಹೋದವಳಲ್ಲ.

ಮೊದಲು ಉಜ್ಜಿನಿ. ಮರುಳಸಿದ್ಧೇಶ್ವರನ ಈ ಕ್ಷೇತ್ರವು ವೀರಶೈವರ ಪಂಚಪೀಠಗಳಲ್ಲಿ ಒಂದು. ವರ್ಷಕ್ಕೊಮ್ಮೆ ಇಲ್ಲಿನ ಗುಡಿಯ ಶಿಖರಕ್ಕೆ ಎಣ್ಣೆಯ ಅಭಿಷೇಕವಾಗುತ್ತದೆ. ಅದಕ್ಕೆ ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವ ವಾಡಿಕೆ ಹಳೆಯದು. ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ನಮ್ಮ ಸೀಮೆಯ ಗಾದೆ. ಒಳಗೆ ಕಾಲಿಟ್ಟೊಡನೆ ಅದರ ಅರ್ಥವಾಗುತ್ತದೆ. ಕಂಬಗಳಲ್ಲಿ, ಒಳಮಾಳಿಗೆಯ ಚಪ್ಪಡಿಗಳಲ್ಲಿ ಕಲ್ಲುಕುಟಿಗನ ಕೈ ಬಿಡುವೇ ಇಲ್ಲದೆ ಆಡಿದೆ. ಆದರೆ ಒಳಗೆ ಮಬ್ಬು. ಅಕ್ಕನ ಕಣ್ಣಿಗೆ ಮಬ್ಬೆಂದರೆ ಕತ್ತಲೆಯೇ. ನಾನು ಟಾರ್ಚು ಹಾಕಿ ಒಂದೊಂದನ್ನೇ ತೋರಿಸುತ್ತ ಬಂದೆನು. ಆಕೆಗೆ ಎಷ್ಟು ಕಂಡಿತೋ ತಿಳಿಯದು. “ಬಾಳ ಚೆಂದೈತಿ” ಎಂದಳು. ನನ್ನ ಸಮಾಧಾನಕ್ಕೆ ಹೇಳಿದಳೆಂದೇ ನನಗೆ ತೋರಿತು. ತಡವಾಗಿ ಬಂದೆವೆಂಬ ಸಂಕಟವು ಅಲ್ಲಿಯೇ ಮೊದಲು ನನ್ನನ್ನು ಹಿಡಿಯಿತು.

ಮಧ್ಯಾಹ್ನ ಹರಪನಹಳ್ಳಿ. ಮೋಟಾರಿನ ಚಾಲಕನು ಆ ಊರಿನವನೇ. “ನಮ್ಮೂರಷ್ಟು ಪ್ರವಾಸ ಮಾಡಿದ ಊರು ಇನ್ನೊಂದಿಲ್ಲ ನೋಡ್ರಿ; ಕುಂತಲ್ಲೇ ಕುಂತು ಮೂರು ಜಿಲ್ಲಾ ಸುತ್ತೇತಿ” ಎಂದು ಹೇಳಿ ನಮ್ಮನ್ನು ನಗಿಸಿದನು. ಮಾತು ನಿಜ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು; ಮತ್ತೆ ಬಳ್ಳಾರಿಗೆ ಮರಳಿತು; 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರಲ್ಲಿ ಸೇರಿತು.

ಹರಪನಹಳ್ಳಿಗೆ ಸಮೀಪದ ಬಾಗಳಿಯನ್ನು ಶಾಸನಗಳು ಬಾಳ್ಗುಳಿ ಎಂದು ಕರೆಯುತ್ತವೆ. ಇಲ್ಲಿನ ಕಲ್ಲೇಶ್ವರ ದೇವಾಲಯದ ಒಂದು ಶಾಸನ 987ನೆಯ ಇಸವಿಯದು. ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಳುಕ್ಯ ತೈಲಪನು ಪಟ್ಟವೇರಿದ್ದ ಕಾಲ; ದುಗ್ಗಿಮಯ್ಯನೆಂಬವನು ದೇವರನ್ನು ಪ್ರತಿಷ್ಠಿಸಿದನು. ಈ ಒಂದೇ ಗುಡಿಯ ಆವರಣದಲ್ಲಿ 36 ಶಾಸನಗಳು ದೊರೆತಿವೆ. ಮಂಟಪದಲ್ಲಿ ಸುಮಾರು 50 ಕಂಬಗಳು. ಬಳಪದ ಕಲ್ಲನ್ನು ಚರಕಿಗೆ ಹಾಕಿ ತಿರುವಿ ಕಡೆದಂತೆ ಗುಂಡಗೆ, ನುಣ್ಣಗೆ ಇರುವ ಕಂಬಗಳು. ಅಲ್ಲಿ ಅಕ್ಕ ಟಾರ್ಚು ಬೇಡವೆಂದಳು. ಒಂದು ಕಂಬದ ಮುಂದೆ ನಿಂತು ಎರಡೂ ಕೈಗಳಿಂದ ಅದರ ಮಡಿಕೆಗಳನ್ನು ಮೇಲಿನಿಂದ ಕೆಳಕ್ಕೆ ಸವರಿದಳು. ಅಂಚಿನ ಹರಿತವನ್ನು ಉಗುರಿನಿಂದ ನೋಡಿದಳು. “ಬಳಿ ಒಂದರ ಮ್ಯಾಲೊಂದು ಏರಿಸಿದಂಗ ಅದಾವ” ಎಂದಳು. ನಾನು ಹತ್ತಾರು ಸಲ ಪುಸ್ತಕದಲ್ಲಿ ಓದಿದ ವರ್ಣನೆಗಳಲ್ಲಿ ಇಷ್ಟು ಸರಿಯಾದದ್ದು ಇರಲಿಲ್ಲ. ಆಮೇಲೆ ಇನ್ನೊಂದು ಕಂಬ, ಮತ್ತೊಂದು. ಒಂದು ಗಂಟೆ ಹೊತ್ತು ಅಕ್ಕ ಕಂಬದಿಂದ ಕಂಬಕ್ಕೆ ನಡೆದಳು. ಈ ಬಾರಿ ತೋರಿಸುವವಳು ಆಕೆ, ನೋಡುವವನು ನಾನು.

ಮರುದಿನ ಕುರುವತ್ತಿ. ಊರು ಸಮೀಪಿಸಿದಂತೆ ಅಕ್ಕ ಮಾತು ನಿಲ್ಲಿಸಿದಳು. ಊರು ಬಿಟ್ಟಾಗ ಆಕೆಗೆ ಒಂಬತ್ತು ವರ್ಷ. ನಮ್ಮ ಹಳ್ಳಿಯಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಕಣ, ಮೆಕ್ಕೆಜೋಳ ಹರವಿದ್ದರು. ಆ ಮನೆಯವರು ನಮ್ಮನ್ನು ಕೂರಿಸಿ, ಕೇಳುವ ಮೊದಲೇ ಮಜ್ಜಿಗೆ ಕೊಟ್ಟರು. ಹೊಳೆಯ ದಂಡೆಗೆ ಬಂದಾಗ ಅಕ್ಕ ಆಚೆಯ ದಡದ ಕಡೆ ಕೈ ತೋರಿಸಿ, ಅಪ್ಪನು ಹರಿಗೋಲಿನಲ್ಲಿ ಕೂರಿಸಿಕೊಂಡು ಆ ದಡದ ನೆಂಟರ ಮನೆಗೆ ಕರೆದೊಯ್ಯುತ್ತಿದ್ದುದನ್ನು ಹೇಳಿದಳು. ಆ ಹೊಳೆ ಆಗ ಗಡಿ. ಈಚೆಯ ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಆಚೆಯ ಧಾರವಾಡ ಸೀಮೆ 1956ರವರೆಗೆ ಮುಂಬಯಿಗೆ. ಒಂದೇ ಮಾತನಾಡುವ ಬೀಗರು ಬೇರೆ ಬೇರೆ ಪ್ರಾಂತಗಳಲ್ಲಿದ್ದರು. ಅಕ್ಕನಿಗೆ ಗಡಿಯ ನೆನಪಿಲ್ಲ; ಹರಿಗೋಲು ಸುತ್ತುವಾಗ ತಲೆ ತಿರುಗಿದ್ದು ಮಾತ್ರ ನೆನಪಿದೆ.

ಇದೇ ಕುರುವತ್ತಿಯಲ್ಲಿ 1068ರಲ್ಲಿ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ಹೊಳೆಗಿಳಿದು ಪ್ರಾಣ ಬಿಟ್ಟನು. ವಾಸಿಯಾಗದ ಜ್ವರ ಹಿಡಿದಿತ್ತು. ಔಷಧ ನಿಲ್ಲಿಸಿ, ದಕ್ಷಿಣದ ಗಂಗೆಯೆಂದು ತುಂಗಭದ್ರೆಯನ್ನೇ ಅರಸಿ ಬಂದನೆಂದು ಬಿಲ್ಹಣ ಕವಿ ಬರೆದಿದ್ದಾನೆ. ಆ ಬಿಲ್ಹಣನಾದರೂ ಕಾಶ್ಮೀರದಲ್ಲಿ ಹುಟ್ಟಿ, ಊರೂರು ಅಲೆದು, ಕೊನೆಗೆ ಸೋಮೇಶ್ವರನ ಮಗನಾದ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದ ಸಂಚಾರಿ. ಕಥೆ ಕೇಳಿ ಅಕ್ಕ, “ಅಷ್ಟು ದೊಡ್ಡ ರಾಜಗೂ ಕೊನೀಗೆ ನಮ್ಮ ಹೊಳೀನ ಬೇಕಾತು” ಎಂದಳು.

ಮಲ್ಲಿಕಾರ್ಜುನನ ಗುಡಿಯೂ ಆ ಹನ್ನೊಂದನೆಯ ಶತಮಾನದ್ದೇ. ಇಲ್ಲಿ ಕಂಬದ ತಲೆಗೆ ಆನಿಸಿದ ಮದನಿಕೆಯರ ವಿಗ್ರಹಗಳಿವೆ. ಬೇಲೂರಿನ ಮದನಿಕೆಯರನ್ನು ಲೋಕವೆಲ್ಲ ಕೊಂಡಾಡುತ್ತದೆ. ಅವರು ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ. ಕುರುವತ್ತಿಯವರು ಅವರಿಗೆ ಅಕ್ಕಂದಿರು. ಬಾಲ್ಯದಲ್ಲಿ ನಮ್ಮ ಅಕ್ಕ ಮತ್ತು ಆಕೆಯ ಗೆಳತಿಯರು ಕಂಬದ ಮೇಲಿನ ಹೆಣ್ಣು ಕತ್ತಲಾದ ಮೇಲೆ ಇಳಿದು ಹೊಳೆಗೆ ನೀರಿಗೆ ಹೋಗುತ್ತಾಳೆಂದು ನಂಬಿದ್ದರಂತೆ. ಗುಡಿಯೊಳಗೆ ನಿಂತು ಅಕ್ಕ ತಲೆಯೆತ್ತಿದಳು, ಕಾಣಲಿಲ್ಲ. ಆಕೆಗೆ ಉಳಿದಿರುವುದು ನಡುವಿನ ನೋಟ ಮಾತ್ರ, ಕೊಳವೆಯೊಳಗಿನಿಂದ ನೋಡಿದ ಹಾಗೆ. ನಾನು ಆಕೆಯ ಗಲ್ಲ ಹಿಡಿದು ಮೆಲ್ಲಗೆ ಎತ್ತಿ ಬಲಕ್ಕೆ, ಇನ್ನಷ್ಟು ಬಲಕ್ಕೆ ತಿರುಗಿಸಿದೆನು. ಹೊರಗಿನ ಬಿಸಿಲು ಕಂಬದ ಮೇಲೆ ಬಿದ್ದಿತ್ತು. ಕುತ್ತಿಗೆ ಒಂದು ಕಡೆ ನಿಂತಿತು.

“ಅದಾಳ,” ಎಂದಳು. “ಇನ್ನೂ ಅಲ್ಲೇ ಅದಾಳ ತಮ್ಮಾ. ಇಳಿದೇ ಇಲ್ಲ.”

ಎಷ್ಟು ಹೊತ್ತು ನಿಂತಿದ್ದೆವೋ ನಾನು ಲೆಕ್ಕವಿಡಲಿಲ್ಲ. ಅಕ್ಕನ ಕತ್ತು ನೋವು ಬಂದು ತಾನಾಗಿ ತಗ್ಗಿಸಿದ ಮೇಲೆ ಹೊರಗೆ ಬಂದೆವು.

ಅದೇ ದಂಡೆಯಲ್ಲಿ ಮೈಲಾರ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನ ಉಸಿರು ಬಿಗಿಹಿಡಿದಿರುವಾಗ ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳುವ ಸ್ಥಳ. ಆ ಸಾಲಿನಲ್ಲಿ ಮಳೆಬೆಳೆಯನ್ನೂ ರಾಜ್ಯಭಾರವನ್ನೂ ಜನ ಓದಿಕೊಳ್ಳುತ್ತಾರೆ. ನಾವು ಹೋದಾಗ ಬಯಲು ಬರಿದಾಗಿತ್ತು. ರಾತ್ರಿ ಹೂವಿನಹಡಗಲಿಯಲ್ಲಿ ಬಿಡಾರ. ಅಲ್ಲಿನ ಕೇಶವ ದೇವಾಲಯವನ್ನು ಕಟ್ಟಿಸಿದವಳು ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಮಡದಿ ರೆಬ್ಬಲದೇವಿ. ಹಿಂದೆ ವಿಜಯನಗರದ ಪೂಜೆಗೆ ಹೊಳೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ಊರಿಗೆ ಈ ಹೆಸರೆಂದು ಜನ ಹೇಳುತ್ತಾರೆ. ಹಡಗಲಿಯ ಮಲ್ಲಿಗೆ ಈಗಲೂ ಪ್ರಸಿದ್ಧ.

ಮೂರನೆಯ ಸಂಜೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆ. ಸುಮಾರು 244 ಎಕರೆಯ ಈ ಕೆರೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಮೇರೆಗೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿಸಿದ್ದಾರೆ. ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ನೀರುಕಾಗೆ ಮೊದಲಾದ ಹಕ್ಕಿಗಳು. ಚಳಿಗಾಲಕ್ಕೆ ದೂರದೇಶದವೂ ಬಂದಿಳಿಯುತ್ತವೆ. ಹೊತ್ತು ಮುಳುಗುವಾಗ ಹಿಂಡು ಹಿಂಡಾಗಿ ಮರಳಿದವು. ಅಕ್ಕನಿಗೆ ಕಾಣಲಿಲ್ಲ, ಆದರೆ ರೆಕ್ಕೆಯ ಸದ್ದು ಕೇಳಿಸಿತು. ನಾಲ್ಕನೆಯ ದಿನ ಕೂಡ್ಲಿಗಿ. ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನಿರಿಸಿ ಕಟ್ಟಿದ ಸ್ಮಾರಕಕ್ಕೆ ಕೈಮುಗಿದು, ಮೂಡಣಕ್ಕೆ ಗುಡೇಕೋಟೆಯ ಕಡೆಯ ಗುಂಡುಕಲ್ಲಿನ ಬೆಟ್ಟಗಳನ್ನು ದೂರದಿಂದಲೇ ನೋಡಿದೆವು. ಅಲ್ಲಿ ಈಗ ಕರಡಿಧಾಮವಿದೆ.

ದಾರಿಯಲ್ಲಿ ಕಂಡ ಒಂದು ಗುಡಿಯ, ಹೆಸರು ಬೇಡ, ಕಂಬಗಳ ಮೇಲೆ ಹುಡುಗರು ತಮ್ಮ ಹೆಸರುಗಳನ್ನು ಮೊಳೆಯಿಂದ ಗೀಚಿದ್ದರು. ಕುಸ್ಕೋದ ಕಲ್ಲಿಗೆ ಪೆಟ್ಟು ಬಿದ್ದಾಗ ಊರೆಲ್ಲ ಮರುಗಿತು. ಇಲ್ಲಿ ಮರುಗಿದವರನ್ನು ನಾನು ಕಾಣಲಿಲ್ಲ. ಹುಡುಗರನ್ನು ಮಾತ್ರ ಜರೆದು ಪ್ರಯೋಜನವಿಲ್ಲ. ಅರುವತ್ತೆಂಟು ವರ್ಷ ಹತ್ತಿರವೇ ಇದ್ದು ನೋಡದೆಹೋದ ನನಗಿಂತ ಅವರ ತಪ್ಪು ದೊಡ್ಡದಲ್ಲ.

ಕಡೆಗೆ ಗೃಹಸ್ಥರಿಗೆ ಕೆಲವು ಮಾತು. ಈ ಸೀಮೆಯಲ್ಲಿ ಸಂಚರಿಸಲು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಹಿತ. ಆಮೇಲೆ ಬಿಸಿಲು ಸೈರಿಸಲಾಗದು. ಜಾತ್ರೆಯ ದಿನಗಳನ್ನು ಬಿಟ್ಟರೆ ಗುಡಿಗಳನ್ನು ನಿಧಾನವಾಗಿ ನೋಡಬಹುದು. ಟಾರ್ಚು, ಕುಡಿಯುವ ನೀರು, ನೆಲಕ್ಕೆ ಹಾಸಲು ಒಂದು ಚಾಪೆ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಡುವ ಮೊದಲು ಮನೆಯಲ್ಲಿ ಒಂದು ಸುತ್ತು ಕೇಳಿರಿ: ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು ಯಾರು, ಅವರು ನೋಡಬೇಕೆಂದಿರುವ ಸ್ಥಳ ಯಾವುದು ಎಂದು. ಅವರು ಕೇಳುವುದು ಬಹುಮಟ್ಟಿಗೆ ದೂರದ್ದಾಗಿರುವುದಿಲ್ಲ. ಬೇಸಗೆಗೆ, ಮಕ್ಕಳ ಪರೀಕ್ಷೆ ಮುಗಿದಮೇಲೆ, ಎಂದು ಮುಂದೂಡುವುದಕ್ಕೆ ಮಾತ್ರ ಹೋಗಬೇಡಿರಿ.

ಮುಂದಿನ ಭಾನುವಾರ ಮೊಮ್ಮಗನ ಕರೆ ಬಂದಿತು. ಅವನು ಏನನ್ನೋ ತೋರಿಸಲು ತೊಡಗಿದನು. ಅಕ್ಕ ತಡೆದು, “ತಡಿಯೋ, ಇವತ್ತು ನಾ ಹೇಳತೀನಿ, ನೀ ಕೇಳು” ಎಂದು, ಬಾಗಳಿಯ ಕಂಬದಿಂದ ಆರಂಭಿಸಿದಳು. ಅಲ್ಲಿ ಬಿಸಿಲೇರುವವರೆಗೂ ಹುಡುಗನು ಕೇಳುತ್ತ ಕುಳಿತಿದ್ದನು.